ಕಳೆದ ಬಾರಿ ಹೊಂದಿದ ರಕ್ತಕ್ಕೆ ಈ ಬಾರಿ ಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ನಾಯಿಗೆ 7 ವರ್ಷ, ತೂಕ 30 ಕೆ.ಜಿ. ಎರಡು ವರ್ಷದ ಹಿಂದೆ ಉಣ್ಣೆಹುಳುವಿನಿಂದ ಬರುವ ಜ್ವರ ತಗುಲಿ ಅದು ತೀರಾ ನಿತ್ರಾಣವಾಗಿದ್ದಾಗ ಪರಿಚಿತರೊಬ್ಬರ ನಾಯಿಯಿಂದ ರಕ್ತ ತೆಗೆದು ಏರಿಸಿದ್ದರು. ಆಗ ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ, ಏನೂ ತೊಂದರೆ ಆಗಲಿಲ್ಲ, ನಾಯಿ ಚೇತರಿಸಿಕೊಂಡಿತು. ಈಗ ಮತ್ತೆ ರಕ್ತಹೀನತೆ ಬಂದಿದೆ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) 14 ಎಂದಿದ್ದಾರೆ. ಅದೇ ದಾನಿ ನಾಯಿ ಈಗಲೂ ಆರೋಗ್ಯವಾಗಿದೆ, ಅದರ ಮಾಲೀಕರೂ ಒಪ್ಪಿದ್ದಾರೆ. ಆದರೆ ಈಗಿನ ವೈದ್ಯರು ದಾನಿಯ ರಕ್ತ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಮಾಡದೆ ರಕ್ತ ಕೊಡಲು ಒಪ್ಪುತ್ತಿಲ್ಲ. ಒಮ್ಮೆ ಹೊಂದಿದ ರಕ್ತಕ್ಕೆ ಮತ್ತೇಕೆ ಪರೀಕ್ಷೆ? ಮನೆಯಲ್ಲಿ 3 ವರ್ಷದ, 28 ಕೆ.ಜಿ. ತೂಕದ ಇನ್ನೊಂದು ನಾಯಿ ಇದೆ. ಅದರಿಂದ ತೆಗೆಯಬಹುದೇ, ಅದಕ್ಕೆ ಅಪಾಯವಿದೆಯೇ? ನಮ್ಮಲ್ಲಿ ಎರಡು ಬೆಕ್ಕುಗಳೂ ಇವೆ. ಮುಂದೆಂದಾದರೂ ಅಗತ್ಯ ಬಿದ್ದರೆ ಒಂದರ ರಕ್ತವನ್ನು ಇನ್ನೊಂದಕ್ಕೆ ಕೊಡಬಹುದೇ?

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ. ನೀವು ಸುರಕ್ಷಿತವೆಂದು ನಂಬಿರುವ ಆ ಹಳೆಯ ದಾನಿಯ ಮೇಲೆಯೇ ಈಗ ಎಲ್ಲ ನಾಯಿಗಳಿಗಿಂತ ಹೆಚ್ಚು ಅನುಮಾನ ಪಡಬೇಕಾಗಿದೆ. ಇದು ವಿಚಿತ್ರವಾಗಿ ಕಾಣಬಹುದು. ಆದರೆ ಕಳೆದ ಬಾರಿ ತೊಂದರೆಯಾಗಲಿಲ್ಲ ಎಂದ ಮಾತ್ರಕ್ಕೆ ಆ ರಕ್ತ ಹೊಂದಿತ್ತು ಎಂದು ಅರ್ಥವಲ್ಲ. ಹೊಂದದ ರಕ್ತವನ್ನು ಎದುರಿಸುವ ಸಿದ್ಧತೆ ನಿಮ್ಮ ನಾಯಿಯ ದೇಹದಲ್ಲಿ ಆಗ ಇರಲಿಲ್ಲ, ಅಷ್ಟೆ. ಆ ಸಿದ್ಧತೆಯನ್ನು ಅದು ಆ ರಕ್ತದಿಂದಲೇ ಕಲಿತಿರಬಹುದು.

ಮನುಷ್ಯರಲ್ಲಿ 'ಎ' ಗುಂಪಿನವರ ರಕ್ತದಲ್ಲಿ 'ಬಿ' ಗುಂಪಿನ ವಿರುದ್ಧದ ಪ್ರತಿಕಾಯಗಳು (ಹೊರಗಿನದನ್ನು ಗುರುತಿಸಿ ಎದುರಿಸುವ ರಕ್ಷಣಾ ವಸ್ತುಗಳು) ಎಳವೆಯಿಂದಲೇ ಇರುತ್ತವೆ. ಆದ್ದರಿಂದ ತಪ್ಪು ಗುಂಪಿನ ರಕ್ತ ಮೊದಲ ಬಾರಿಗೇ ಅನಾಹುತ ಮಾಡುತ್ತದೆ. ನಾಯಿಗಳ ಸ್ಥಿತಿ ಬೇರೆ. ಅವುಗಳ ಕೆಂಪು ರಕ್ತಕಣಗಳ ಮೇಲೆ ಹಲವು ಬಗೆಯ ಪ್ರತಿಜನಕಗಳಿವೆ, ಅಂದರೆ ಪ್ರತಿಕಾಯಗಳು ಪತ್ತೆಹಚ್ಚುವ ಗುರುತುಗಳಿವೆ. ಇವುಗಳನ್ನು ಡಿಇಎ (ನಾಯಿಯ ಕೆಂಪು ಕಣದ ಪ್ರತಿಜನಕ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಹೆಸರಿನಡಿ 1, 3, 4, 5, 7 ಎಂದು ಸಂಖ್ಯೆ ಕೊಟ್ಟು ಗುರುತಿಸುತ್ತಾರೆ. ಇವಲ್ಲದೆ 2007ರಲ್ಲಿ ಡಾಲ್ಮೇಷಿಯನ್ ನಾಯಿಗಳ ಅಧ್ಯಯನದಿಂದ ಗೊತ್ತಾದ 'ಡಾಲ್' ಎಂಬುದೂ ಇದೆ. ಚಿಕಿತ್ಸೆಯ ದೃಷ್ಟಿಯಿಂದ ಇವುಗಳಲ್ಲಿ ಅತಿ ಮುಖ್ಯವಾದದ್ದು ಡಿಇಎ 1. ಸ್ಥೂಲವಾಗಿ ಅರ್ಧದಷ್ಟು ನಾಯಿಗಳಲ್ಲಿ ಅದು ಇರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ. ಅದಿಲ್ಲದ ನಾಯಿಯ ದೇಹದಲ್ಲಿ ಅದರ ವಿರುದ್ಧ ಹುಟ್ಟಿನಿಂದ ಬಂದ ಪ್ರತಿಕಾಯಗಳು ಇರುವುದಿಲ್ಲ. ಹೀಗಾಗಿ ಡಿಇಎ 1 ಇರುವ ರಕ್ತವನ್ನು ಇಲ್ಲದ ನಾಯಿಗೆ ಮೊದಲ ಬಾರಿ ಏರಿಸಿದಾಗ ಕಣ್ಣಿಗೆ ಕಾಣುವಂಥ ಪ್ರತಿಕ್ರಿಯೆ ಸಾಮಾನ್ಯವಾಗಿ ಆಗುವುದಿಲ್ಲ. ತುರ್ತಿನಲ್ಲಿ ಪರೀಕ್ಷೆಯಿಲ್ಲದೆ ರಕ್ತ ಕೊಡುವ ರೂಢಿ ಉಳಿದುಬಂದಿರುವುದು ನಾಯಿಯ ದೇಹ ತೋರುವ ಈ ಒಂದು ರಿಯಾಯಿತಿಯ ಬಲದ ಮೇಲೆ.

ರಿಯಾಯಿತಿ ಒಂದೇ ಸಲಕ್ಕೆ. ರಕ್ತ ಒಳಸೇರಿದ ನಾಲ್ಕೈದು ದಿನಗಳಿಂದ ಎರಡು ವಾರಗಳ ಒಳಗೆ ದೇಹವು ಆ ಅಪರಿಚಿತ ಕಣಗಳನ್ನು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಹೊಂದುವ ರಕ್ತವಾಗಿದ್ದರೆ ವಾರಗಟ್ಟಲೆ ಬಾಳಬೇಕಿದ್ದ ಕಣಗಳು ಆ ಅವಧಿಯಲ್ಲಿಯೇ ಸದ್ದಿಲ್ಲದೆ ನಾಶವಾಗಿಹೋಗುತ್ತವೆ. ಅಷ್ಟರಲ್ಲಿ ಔಷಧ ಕೆಲಸ ಮಾಡಿ ನಾಯಿಯ ಸ್ವಂತ ರಕ್ತ ಹೆಚ್ಚತೊಡಗಿರುವುದರಿಂದ ಈ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ನಿಮ್ಮ ನಾಯಿಯ ವಿಷಯದಲ್ಲಿಯೂ ಹೀಗೆಯೇ ಆಗಿತ್ತೆಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಆಗಿರಲಿಲ್ಲವೆಂದು ಹೇಳಲು ನಿಮ್ಮ ಬಳಿಯೂ ಇಲ್ಲ. ಪ್ರತಿಕಾಯದ ನೆನಪು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅದೇ ದಾನಿಯ ಅವೇ ಕಣಗಳು ಮತ್ತೆ ಒಳಬಂದರೆ ಈ ಬಾರಿ ಗಂಟೆಗಳೊಳಗೆ ಅವು ಒಡೆಯಬಹುದು. ಜ್ವರ, ವಾಂತಿ, ಏದುಸಿರು, ಕಾಫಿ ಬಣ್ಣದ ಮೂತ್ರ, ಕುಸಿಯುವ ರಕ್ತದೊತ್ತಡ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು, ಹೀಗೆ ಒಂದರ ಹಿಂದೊಂದು ಬರಬಹುದು.

ರಕ್ತದ ಗುಂಪು ಪರೀಕ್ಷೆ ಮತ್ತು ಕ್ರಾಸ್‌ಮ್ಯಾಚ್ ಒಂದೇ ಎಂದು ಅನೇಕರು ಭಾವಿಸುತ್ತಾರೆ. ಗುಂಪು ಪರೀಕ್ಷೆ ಹೇಳುವುದು ಕಣದ ಮೇಲೆ ಡಿಇಎ 1 ಇದೆಯೇ ಇಲ್ಲವೇ ಎಂಬುದನ್ನಷ್ಟೆ. ಉಳಿದ ಪ್ರತಿಜನಕಗಳ ಬಗ್ಗೆ ಸಾಮಾನ್ಯ ಕಿಟ್ ಮೌನವಾಗಿರುತ್ತದೆ. ಆದ್ದರಿಂದ ಹಿಂದೊಮ್ಮೆ ರಕ್ತ ಪಡೆದ ನಾಯಿಗೆ, ಗುಂಪು ಹೊಂದಿದರೂ, ನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ಕಳೆದಿದ್ದರೆ ಕ್ರಾಸ್‌ಮ್ಯಾಚ್ ಬೇಕೇ ಬೇಕು. ಪರೀಕ್ಷೆ ಅಷ್ಟೇನೂ ಜಟಿಲವಲ್ಲ. ದಾನಿಯ ಕೆಂಪು ಕಣಗಳನ್ನು ಸಲೈನ್‌ನಲ್ಲಿ ಮೂರು ಬಾರಿ ತೊಳೆದು, ಅದರ ತೆಳುವಾದ ದ್ರಾವಣದ ಒಂದೆರಡು ಹನಿಯನ್ನು ರೋಗಿಯ ಪ್ಲಾಸ್ಮಾದೊಂದಿಗೆ (ರಕ್ತದ ದ್ರವಭಾಗ) ಪುಟ್ಟ ಟ್ಯೂಬಿನಲ್ಲಿ ಸೇರಿಸಿ, ದೇಹದ ಉಷ್ಣತೆಯಲ್ಲಿ ಸ್ವಲ್ಪ ಹೊತ್ತು ಇರಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಟ್ಯೂಬನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ತಳದಲ್ಲಿ ಕುಳಿತ ಕೆಂಪು ಗುಂಡಿ ಹೊಗೆಯಂತೆ ಎದ್ದು ಕರಗಿ, ನೀರು ಒಂದೇ ಸಮನೆ ಕೆಂಪಾದರೆ ರಕ್ತ ಹೊಂದುತ್ತದೆ ಎಂದರ್ಥ. ಗುಂಡಿ ಕರಗದೆ ಚೂರುಚೂರಾಗಿ ತೇಲಿದರೆ, ಅಥವಾ ತಟ್ಟುವ ಮೊದಲೇ ಮೇಲಿನ ತಿಳಿಯು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಆ ದಾನಿಯನ್ನು ಬಿಡಬೇಕು. ಇದಕ್ಕೆ ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಸಿದ್ಧ ಕಿಟ್‌ಗಳಲ್ಲಿ ಇನ್ನೂ ಬೇಗ ಮುಗಿಯುತ್ತದೆ.

ಕ್ರಾಸ್‌ಮ್ಯಾಚ್‌ಗೂ ಮಿತಿಯಿದೆ. ಎರಡು ವರ್ಷಗಳಲ್ಲಿ ಪ್ರತಿಕಾಯದ ಮಟ್ಟ ಪರೀಕ್ಷೆಗೆ ಸಿಕ್ಕದಷ್ಟು ಇಳಿದಿದ್ದರೆ ಟ್ಯೂಬಿನಲ್ಲಿ ಎಲ್ಲವೂ ಸರಿಯಾಗಿ ಕಾಣಬಹುದು. ಆದರೆ ರಕ್ತ ಒಳಸೇರಿದ ಕೂಡಲೇ ಹಳೆಯ ನೆನಪು ಎಚ್ಚೆತ್ತು, ಕೆಲವು ದಿನಗಳಲ್ಲಿ ಕಣಗಳು ಮತ್ತೆ ನಾಶವಾಗತೊಡಗಬಹುದು. ಆ ಕಾರಣಕ್ಕಾಗಿಯೇ, ಕ್ರಾಸ್‌ಮ್ಯಾಚ್ ಹೊಂದಿದರೂ ಸಹ, ಆಯ್ಕೆ ಇದ್ದಾಗ ನಾನು ಹಳೆಯ ದಾನಿಯನ್ನು ಬಿಟ್ಟು ಡಿಇಎ 1 ಇಲ್ಲದ ಬೇರೊಂದು ದಾನಿಯನ್ನೇ ಹುಡುಕುತ್ತೇನೆ. ಡಿಇಎ 1 ಇಲ್ಲದ ರಕ್ತವನ್ನು, ಈ ಗುಂಪಿನ ಮಟ್ಟಿಗೆ, ಎರಡೂ ಬಗೆಯ ನಾಯಿಗಳಿಗೆ ಕೊಡಬಹುದು.

ಈ ಲೆಕ್ಕಾಚಾರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ರಕ್ತ ಕಡಿಮೆಯಾಗಿರುವುದು ಏಕೆ? ರಕ್ತ ಏರಿಸುವುದು ರೋಗಕ್ಕೆ ಚಿಕಿತ್ಸೆಯಲ್ಲ. ಚಿಕಿತ್ಸೆ ಫಲಿಸುವವರೆಗೆ ಜೀವ ನಿಲ್ಲಿಸಿಕೊಳ್ಳುವ ಉಪಾಯ. ಉಣ್ಣೆಹುಳುಗಳಿಂದ ಹರಡುವ ಎರ್ಲಿಕಿಯಾ ಸೋಂಕು ಹಳತಾದಾಗ ಮೂಳೆಮಜ್ಜೆಯನ್ನೇ ಬತ್ತಿಸಿಬಿಡಬಹುದು. ಬೆಬೀಸಿಯಾ ಎಂಬ ಪರಾವಲಂಬಿ ಕೆಂಪು ಕಣಗಳ ಒಳಹೊಕ್ಕು ಅವುಗಳನ್ನು ಒಡೆಯುತ್ತದೆ. ಕೆಲವೊಮ್ಮೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕಣಗಳ ಮೇಲೆಯೇ ತಿರುಗಿಬೀಳುತ್ತದೆ. ಈ ಕೊನೆಯ ಸ್ಥಿತಿಯಲ್ಲಿ ಗಾಜಿನ ಸ್ಲೈಡಿನ ಮೇಲೆ ನಾಯಿಯ ಒಂದು ಹನಿ ರಕ್ತವನ್ನು ಸಲೈನ್‌ನೊಂದಿಗೆ ಬೆರೆಸಿ ಓಲಾಡಿಸಿದರೂ ಕಣಗಳು ಬಿಡಿಸಿಕೊಳ್ಳದೆ ಮರಳಿನ ಹರಳುಗಳಂತೆ ಗಂಟುಗಂಟಾಗಿ ನಿಲ್ಲುತ್ತವೆ. ಇಂಥ ರಕ್ತದಲ್ಲಿ ಗುಂಪು ಪರೀಕ್ಷೆಯೂ ಕ್ರಾಸ್‌ಮ್ಯಾಚೂ ನಂಬಲರ್ಹವಾಗಿರುವುದಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ನೋಡುವುದು ಕಣಗಳು ಅಂಟಿಕೊಳ್ಳುತ್ತವೆಯೇ ಎಂಬುದನ್ನು, ಇಲ್ಲಿ ಅವು ಮೊದಲೇ ಅಂಟಿಕೊಂಡಿವೆ. ಆಗ ಉಳಿಯುವುದು ಡಿಇಎ 1 ಇಲ್ಲದ ದಾನಿಯ ರಕ್ತವನ್ನು ಎಚ್ಚರಿಕೆಯಿಂದ ಕೊಡುವ ದಾರಿ. ನಿಮ್ಮ ನಾಯಿಯ ಹಳೆಯ ಸೋಂಕು ಮರುಕಳಿಸಿದೆಯೇ, ಅಥವಾ ಇದು ಹೊಸ ತೊಂದರೆಯೇ ಎಂಬುದನ್ನು ತಿಳಿಯಲು ಬೇಕಾದ ಮಾದರಿಗಳನ್ನೆಲ್ಲ ರಕ್ತ ಏರಿಸುವ ಮೊದಲೇ ತೆಗೆದಿಡುವಂತೆ ಕೇಳಿ. ಬೇರೆ ನಾಯಿಯ ರಕ್ತ ಬೆರೆತ ಮೇಲೆ ತೆಗೆದ ಮಾದರಿಯಲ್ಲಿ ಯಾವುದು ರೋಗಿಯದು, ಯಾವುದು ದಾನಿಯದು ಎಂದು ಬಿಡಿಸಿ ಹೇಳುವುದು ಕಷ್ಟ.

ಪಿಸಿವಿ 14 ಎಂದರೆ ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳ ಪಾಲು 14 ಎಂದು. ಆರೋಗ್ಯವಂತ ನಾಯಿಯಲ್ಲಿ ಇದು ಸುಮಾರು 37ರಿಂದ 55ರವರೆಗೆ ಇರುತ್ತದೆ. ಸಂಖ್ಯೆ ಕಡಿಮೆಯೇ, ಆದರೆ ಸಂಖ್ಯೆಯೊಂದನ್ನೇ ನೋಡಿ ನಾನು ರಕ್ತ ಏರಿಸುವುದಿಲ್ಲ. ಅಪಘಾತದಲ್ಲಿ ಒಮ್ಮೆಲೇ ರಕ್ತ ಕಳೆದುಕೊಂಡ ನಾಯಿ 22ರಲ್ಲಿಯೇ ಸಾವಿನ ಅಂಚಿನಲ್ಲಿರಬಹುದು. ವಾರಗಟ್ಟಲೆ ಕಾಲಾವಕಾಶದಲ್ಲಿ ಮೆಲ್ಲಗೆ ಇಳಿದ ನಾಯಿ 14ರಲ್ಲಿಯೂ ಬಾಲ ಅಲ್ಲಾಡಿಸುತ್ತಾ ಊಟ ಮಾಡಬಹುದು. ಮಲಗಿರುವಾಗಲೂ ಹೃದಯ ವೇಗವಾಗಿ ಹೊಡೆದುಕೊಳ್ಳುತ್ತಿದೆಯೇ, ಉಸಿರು ಏರಿದೆಯೇ, ನಾಲ್ಕು ಹೆಜ್ಜೆ ನಡೆದರೆ ಕುಸಿದು ಕೂರುತ್ತದೆಯೇ ಎಂಬುದೇ ಮುಖ್ಯ. ಒಸಡಿನ ಬಣ್ಣ ನೋಡಿ ಎನ್ನುವುದುಂಟು. ಲ್ಯಾಬ್ರಡಾರ್‌ಗಳ ಒಸಡು ಹಲವೊಮ್ಮೆ ಹುಟ್ಟಿನಿಂದಲೇ ಕಪ್ಪಾಗಿರುವುದರಿಂದ ಕೆಳಗಿನ ಕಣ್ಣರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಬದಿ ನೋಡುವುದು ಒಳ್ಳೆಯದು.

ಕೊಡುವುದೆಂದು ನಿರ್ಧಾರವಾದರೆ ಎಷ್ಟು ಕೊಡಬೇಕೆಂಬ ಲೆಕ್ಕ ಸುಲಭ. ತೂಕದ ಪ್ರತಿ ಕಿಲೋಗ್ರಾಮಿಗೆ 2 ಮಿ.ಲೀ. ಪೂರ್ಣ ರಕ್ತ ಕೊಟ್ಟರೆ ಪಿಸಿವಿ ಸುಮಾರು 1 ಅಂಶ ಏರುತ್ತದೆ; ಪ್ಲಾಸ್ಮಾ ಬೇರ್ಪಡಿಸಿದ ಬರಿಯ ಕೆಂಪುಕಣಗಳಾದರೆ 1 ಮಿ.ಲೀ. ಸಾಕು. ನಿಮ್ಮ ನಾಯಿಯನ್ನು 14ರಿಂದ 22ಕ್ಕೆ ತರಬೇಕಾದರೆ 8 ಅಂಶ, 30 ಕೆ.ಜಿ., 2 ಮಿ.ಲೀ., ಒಟ್ಟು 480 ಮಿ.ಲೀ. ಪೂರ್ಣ ರಕ್ತ. ದೊಡ್ಡ ದಾನಿ ನಾಯಿಯೊಂದರಿಂದ ಒಮ್ಮೆಗೆ ತೆಗೆಯುವುದು 450 ಮಿ.ಲೀ.; ಅಂದರೆ ಒಂದು ಚೀಲದಲ್ಲಿ ಕೆಲಸ ಹೆಚ್ಚುಕಡಿಮೆ ಮುಗಿಯುತ್ತದೆ. ಸಹಜ ಮಟ್ಟದವರೆಗೂ ತುಂಬಿಸುವುದು ಗುರಿಯಲ್ಲ. ಉಸಿರು, ನಾಡಿ ಶಾಂತವಾದರೆ ಸಾಕು.

ಎರ್ಲಿಕಿಯಾ ಇದ್ದಾಗ ಪ್ಲೇಟ್‌ಲೆಟ್ ಕಡಿಮೆಯಾಯಿತೆಂದು ರಕ್ತ ಕೊಡಿಸಲು ಕೇಳುವವರೂ ಇದ್ದಾರೆ. ಆಗತಾನೆ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್ ಇರುವುದು ನಿಜ, ಆದರೆ ಒಂದು ಚೀಲದಿಂದ ಏರುವ ಸಂಖ್ಯೆ ಅತ್ಯಲ್ಪ, ಅದೂ ಬೇಗ ಕರಗಿಹೋಗುತ್ತದೆ. ಪ್ಲೇಟ್‌ಲೆಟ್ ವರದಿಯ ಸಂಖ್ಯೆಯನ್ನು ತಿದ್ದುವುದಕ್ಕಾಗಿ ರಕ್ತ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಇಲಿ ಪಾಷಾಣ ತಿಂದು ರಕ್ತ ಹೆಪ್ಪುಗಟ್ಟದಿರುವ ನಾಯಿಯ ವಿಷಯ ಬೇರೆ. ಅಲ್ಲಿ ಪ್ಲಾಸ್ಮಾ ಜೀವ ಉಳಿಸುತ್ತದೆ, ಜೊತೆಗೆ ವಿಟಮಿನ್ ಕೆ1 ವಾರಗಟ್ಟಲೆ ಬೇಕಾಗುತ್ತದೆ.

ರಕ್ತ ಏರುತ್ತಿರುವಾಗ ನಿಮಗೆ ಹತ್ತಿರ ಕೂರಲು ಅವಕಾಶ ಕೊಟ್ಟರೆ ಕುಳಿತುಕೊಳ್ಳಿ, ಏಕೆಂದರೆ ನಾಯಿಯ ನಡವಳಿಕೆಯ ಸಣ್ಣ ವ್ಯತ್ಯಾಸ ಅದನ್ನು ಸಾಕಿದವರ ಕಣ್ಣಿಗೆ ಬೇಗ ಬೀಳುತ್ತದೆ. ಮೊದಲ 15ರಿಂದ 30 ನಿಮಿಷ ಹನಿ ಬಹಳ ನಿಧಾನವಾಗಿರುತ್ತದೆ. ಈ ಅವಧಿಯಲ್ಲಿ ಜ್ವರ, ನಾಡಿ, ಉಸಿರಾಟವನ್ನು ಐದರಿಂದ ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಾರೆ. ನಾಯಿ ಇದ್ದಕ್ಕಿದ್ದಂತೆ ಚಡಪಡಿಸಿದರೆ, ನಡುಗಿದರೆ, ಜೊಲ್ಲು ಸುರಿಸಿದರೆ, ಮುಖ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ವಾಂತಿ ಮಾಡಿದರೆ ಕೂಡಲೇ ಹೇಳಿ. ಮೊದಲು ಹನಿ ನಿಲ್ಲಿಸಿ ಆಮೇಲೆ ಕಾರಣ ಹುಡುಕುವುದು ಕ್ರಮ. ಎಲ್ಲ ಪ್ರತಿಕ್ರಿಯೆಗಳೂ ಭೀಕರವಲ್ಲ. ದದ್ದು, ಮುಖದ ಊತ ಅಲರ್ಜಿಯಿಂದ ಬಂದವಾದರೆ ಔಷಧ ಕೊಟ್ಟು, ವೇಗ ತಗ್ಗಿಸಿ ಮುಂದುವರಿಸಬಹುದು. ಒಂದು ಡಿಗ್ರಿಯಷ್ಟು ಜ್ವರ ಏರಿ ಇಳಿಯುವುದೂ ಉಂಟು. ರಕ್ತ ಕಣ ಒಡೆಯುತ್ತಿದ್ದರೆ ಮಾತ್ರ ಆ ಚೀಲವನ್ನು ಮತ್ತೆ ಮುಟ್ಟುವಂತಿಲ್ಲ. ಕೋಣೆಯ ಉಷ್ಣತೆಯಲ್ಲಿ ರೋಗಾಣುಗಳು ಬೆಳೆಯುವ ಭಯವಿರುವುದರಿಂದ ಒಟ್ಟು ರಕ್ತ 4 ಗಂಟೆಗಳೊಳಗೆ ಏರಿ ಮುಗಿಯಬೇಕು. ಅದೇ ನಳಿಕೆಯಲ್ಲಿ ರಿಂಗರ್ ಲ್ಯಾಕ್ಟೇಟ್ ಹರಿಸಬಾರದು. ಚೀಲದಲ್ಲಿರುವ ಸಿಟ್ರೇಟ್, ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಿರುತ್ತದೆ. ರಿಂಗರ್ ಲ್ಯಾಕ್ಟೇಟ್‌ನಲ್ಲಿರುವ ಕ್ಯಾಲ್ಸಿಯಂ ಸೇರಿದರೆ ನಳಿಕೆಯಲ್ಲಿಯೇ ಹೆಪ್ಪು ಕಟ್ಟುತ್ತದೆ. ಸಲೈನ್ ಮಾತ್ರ ಸುರಕ್ಷಿತ.

ಈಗ ಮನೆಯ ಎರಡನೆಯ ನಾಯಿಯ ವಿಷಯ. ವಯಸ್ಸು, ತೂಕ ಎರಡೂ ಹೊಂದುತ್ತವೆ. ದಾನಿ ನಾಯಿ ಸಾಮಾನ್ಯವಾಗಿ 1ರಿಂದ 8 ವರ್ಷದೊಳಗಿನದಾಗಿ, 25 ಕೆ.ಜಿ.ಗಿಂತ ಹೆಚ್ಚು ತೂಕವಿದ್ದು, ಲಸಿಕೆ ಪಡೆದು, ಸೌಮ್ಯ ಸ್ವಭಾವದ್ದಾಗಿರಬೇಕು. ಅದು ಸ್ವತಃ ಎಂದೂ ರಕ್ತ ಪಡೆದಿರಬಾರದು. ಅದರ ಪಿಸಿವಿ 40ಕ್ಕಿಂತ ಮೇಲಿರಬೇಕು. ಆದರೆ ನನ್ನನ್ನು ತಡೆಯುವ ಸಂಗತಿ ಬೇರೆಯೇ ಇದೆ. ಎರಡೂ ನಾಯಿಗಳು ಒಂದೇ ಮನೆಯಲ್ಲಿ ಮಲಗಿ ಎದ್ದಿವೆ. ಒಂದಕ್ಕೆ ಕಚ್ಚಿದ ಉಣ್ಣೆಹುಳುಗಳು ಇನ್ನೊಂದನ್ನು ಬಿಟ್ಟಿರುತ್ತವೆ ಎನ್ನಲಾಗದು. ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳು ಯಾವ ಲಕ್ಷಣವನ್ನೂ ತೋರದೆ ತಿಂಗಳುಗಟ್ಟಲೆ ನಾಯಿಯೊಳಗೆ ಅಡಗಿರಬಲ್ಲವು, ರಕ್ತದ ಮೂಲಕ ನೇರವಾಗಿ ದಾಟಬಲ್ಲವು. ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಏನೂ ಕಾಣಲಿಲ್ಲ ಎಂಬುದು ಇಲ್ಲಿ ಸಾಲದು. ಪಿಸಿಆರ್ ಮತ್ತು ಪ್ರತಿಕಾಯ ಪರೀಕ್ಷೆಗಳು ಬೇಕು. ಇದರೊಂದಿಗೆ ಅನಾಪ್ಲಾಸ್ಮಾ, ಹೃದಯದ ಹುಳು, ಬ್ರುಸೆಲ್ಲಾ, ಮತ್ತು ಆಯಾ ಪ್ರದೇಶದಲ್ಲಿ ಲೀಷ್ಮೇನಿಯಾ ಇದ್ದರೆ ಅದನ್ನೂ ನೋಡಬೇಕು. ಮನೆಯ ನಾಯಿ ಎಂಬ ಕಾರಣಕ್ಕೆ ಅದು ಹತ್ತಿರದ ದಾನಿ ಆಗುತ್ತದೆ, ಶುದ್ಧ ದಾನಿ ಆಗುವುದಿಲ್ಲ. ಹಳೆಯ ದಾನಿಗೂ ಇದೇ ಮಾತು: ಹೊರಗೆ ಆರೋಗ್ಯವಾಗಿ ಕಾಣುವುದು ಪರೀಕ್ಷೆಗೆ ಬದಲಿಯಲ್ಲ. ಅಂದಹಾಗೆ, ರಕ್ತ ಪಡೆದಿರುವ ನಿಮ್ಮ ಲ್ಯಾಬ್ರಡಾರ್ ಇನ್ನು ಮುಂದೆ ಬೇರೆ ನಾಯಿಗೆ ದಾನಿಯಾಗುವಂತಿಲ್ಲ.

ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ದಾನದಿಂದ ಅದಕ್ಕಾಗುವ ಅಪಾಯ ಕಡಿಮೆ. ನಾಯಿಯ ದೇಹದಲ್ಲಿ ಪ್ರತಿ ಕಿಲೋಗ್ರಾಮಿಗೆ 80ರಿಂದ 90 ಮಿ.ಲೀ. ರಕ್ತವಿರುತ್ತದೆ, 28 ಕೆ.ಜಿ.ಯ ನಾಯಿಯಲ್ಲಿ ಎರಡೂಕಾಲು ಲೀಟರಿನ ಮೇಲೆಯೇ. 450 ಮಿ.ಲೀ. ತೆಗೆದರೆ ಸುಮಾರು ಐದನೆಯ ಒಂದು ಭಾಗ ಹೋದಂತೆ. ಆರೋಗ್ಯವಂತ ನಾಯಿ ಇದನ್ನು ತಾಳಿಕೊಳ್ಳುತ್ತದೆ, ಆದರೆ ಇದಕ್ಕಿಂತ ಹೆಚ್ಚು ತೆಗೆಯಲು ಯಾರೇ ಒತ್ತಾಯಿಸಿದರೂ ಒಪ್ಪಬೇಡಿ. ರಕ್ತ ತೆಗೆಯುವುದು ಕುತ್ತಿಗೆಯ ಜುಗುಲಾರ್ ಸಿರೆಯಿಂದ. ಅಂಗೈಯಗಲ ಕೂದಲು ಬೋಳಿಸಿ, ಚರ್ಮವನ್ನು ಮರಗಟ್ಟಿಸಿ, ನಾಯಿಯನ್ನು ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸುತ್ತಾರೆ. ತಲೆಯ ಬಳಿ ನೀವು ನಿಂತು ಕಿವಿ ಸವರುತ್ತಿದ್ದರೆ ಎಷ್ಟೋ ನಾಯಿಗಳಿಗೆ ಮಂಪರಿನ ಔಷಧವೂ ಬೇಕಾಗುವುದಿಲ್ಲ. ಚೀಲ ಮೇಜಿಗಿಂತ ಕೆಳಗೆ ತಕ್ಕಡಿಯ ಮೇಲಿರುತ್ತದೆ. ಒಬ್ಬರು ಅದನ್ನು ತೊಟ್ಟಿಲಿನಂತೆ ತೂಗುತ್ತಿರುತ್ತಾರೆ, ಇಲ್ಲವಾದರೆ ಕೆಳಗಿನ 63 ಮಿ.ಲೀ. ಹೆಪ್ಪುನಿರೋಧಕ ದ್ರಾವಣ ಒಂದೆಡೆ, ರಕ್ತ ಒಂದೆಡೆ ಉಳಿದು ಗಂಟುಗಳಾಗುತ್ತವೆ. ಒಂದು ಮಿ.ಲೀ. ರಕ್ತ ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುವುದರಿಂದ, ರಕ್ತದ ತೂಕ 475 ಗ್ರಾಮಿನ ಆಸುಪಾಸು ಬಂದಾಗ ನಿಲ್ಲಿಸುತ್ತಾರೆ. ಎಲ್ಲ ಸರಿಯಿದ್ದರೆ ಹತ್ತು ನಿಮಿಷದ ಕೆಲಸ. ಆಮೇಲೆ ಐದು ನಿಮಿಷ ಬಿಗಿಯಾಗಿ ಒತ್ತಿಹಿಡಿಯಬೇಕು. ನೀರು, ಊಟ ಕೊಡಿ. ಆ ದಿನ ಓಟ, ಜಿಗಿತ ಬೇಡ. ಒಂದೆರಡು ದಿನ ಕುತ್ತಿಗೆಯ ಪಟ್ಟಿ ಬಿಚ್ಚಿಟ್ಟು ಎದೆಗೆ ಕಟ್ಟುವ ಪಟ್ಟಿಯನ್ನೇ ಬಳಸಿ. ರಕ್ತದ ದ್ರವಭಾಗ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ವಾರಗಳು ಬೇಕು. ಎರಡು ದಾನಗಳ ನಡುವೆ 8ರಿಂದ 12 ವಾರಗಳ ಅಂತರವಿರಲಿ.

ಬೆಕ್ಕುಗಳ ಬಗ್ಗೆ ನೀವು ಕೊನೆಯಲ್ಲಿ ಕೇಳಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದ ಸಾಲು ಅದು. ನಾಯಿಗೆ ಮೊದಲ ಬಾರಿಯ ರಿಯಾಯಿತಿಯಾದರೂ ಇದೆ. ಬೆಕ್ಕಿಗೆ ಅದೂ ಇಲ್ಲ. ಬೆಕ್ಕುಗಳಲ್ಲಿ ಎ, ಬಿ, ಎಬಿ ಎಂಬ ಮೂರು ಗುಂಪುಗಳಿವೆ. ಮನುಷ್ಯರ ಗುಂಪುಗಳ ಹೆಸರುಗಳೇ ಇವಾದರೂ ಅವಕ್ಕೂ ಇವಕ್ಕೂ ಸಂಬಂಧವಿಲ್ಲ. ಸಾಮಾನ್ಯ ಬೆಕ್ಕುಗಳಲ್ಲಿ ಬಹುಪಾಲು ಎ ಗುಂಪಿನವು, ಸಯಾಮಿಗಳಂತೂ ಹೆಚ್ಚುಕಡಿಮೆ ಎಲ್ಲವೂ ಎ. ಬ್ರಿಟಿಷ್ ಶಾರ್ಟ್‌ಹೇರ್, ಡೆವನ್ ರೆಕ್ಸ್, ಕಾರ್ನಿಷ್ ರೆಕ್ಸ್, ಟರ್ಕಿಷ್ ತಳಿಗಳಲ್ಲಿ ಬಿ ಗುಂಪಿನವು ಗಣನೀಯವಾಗಿ ಸಿಗುತ್ತವೆ. ಎಬಿ ಅಪರೂಪ. ಎಳೆಯ ಪ್ರಾಯದಲ್ಲಿಯೇ, ಯಾವ ರಕ್ತವನ್ನೂ ಪಡೆಯದೆ, ಬೆಕ್ಕಿನ ದೇಹದಲ್ಲಿ ಇನ್ನೊಂದು ಗುಂಪಿನ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಂಡಿರುತ್ತವೆ. ಎ ಬೆಕ್ಕಿನಲ್ಲಿ ಇವು ದುರ್ಬಲ. ಅದಕ್ಕೆ ಬಿ ರಕ್ತ ಕೊಟ್ಟರೆ ಕಣಗಳು ಒಂದೆರಡು ದಿನಗಳಲ್ಲಿ ನಾಶವಾಗಿ ಶ್ರಮ ವ್ಯರ್ಥವಾಗುತ್ತದೆ. ಬಿ ಬೆಕ್ಕಿನಲ್ಲಿ ಇವು ಅತ್ಯಂತ ಪ್ರಬಲ. ಅದಕ್ಕೆ ಎ ರಕ್ತ ಕೊಟ್ಟರೆ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ. ಒಂದು ಮಿ.ಲೀ. ರಕ್ತವೂ ಇದಕ್ಕೆ ಸಾಕು.

ವೃತ್ತಿಯ ಆರಂಭದ ದಿನಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಂಪು ಪರೀಕ್ಷೆಯ ಕಿಟ್ ಕೈಯಲ್ಲಿರಲಿಲ್ಲ. ಬಹುಪಾಲು ಬೆಕ್ಕುಗಳು ಎ ಅಲ್ಲವೇ ಎಂಬ ಧೈರ್ಯದಲ್ಲಿ, ಬೂದು ಬಣ್ಣದ ಗುಂಡುಮುಖದ ಬೆಕ್ಕೊಂದಕ್ಕೆ ಸಿರಿಂಜಿನಿಂದ ರಕ್ತ ಕೊಡಲು ಆರಂಭಿಸಿದ್ದೆವು. ಎರಡು ಮಿ.ಲೀ. ಕೂಡ ಹೋಗಿರಲಿಲ್ಲ, ಅದು ಕೈಕಾಲು ಚಾಚಿ ನೀಳವಾಗಿ ಮಲಗಿತು, ಹೃದಯದ ಬಡಿತ ಎಣಿಸುವಷ್ಟು ನಿಧಾನವಾಯಿತು, ಉಸಿರು ನಿಂತುನಿಂತು ಬಂತು. ಹನಿ ನಿಲ್ಲಿಸಿ ಎರಡು ಗಂಟೆ ಹೆಣಗಿದ ಮೇಲೆ ಆ ಬೆಕ್ಕು ಉಳಿಯಿತು, ಆದರೆ ಅದು ನಮ್ಮ ಜಾಣ್ಮೆಯಿಂದಲ್ಲ. ಅಂದಿನಿಂದ ಗುಂಪು ತಿಳಿಯದೆ ಬೆಕ್ಕಿಗೆ ಒಂದು ಹನಿ ರಕ್ತವನ್ನೂ ನಾನು ಕೊಟ್ಟಿಲ್ಲ. ಎಲ್ಲ ಬೆಕ್ಕುಗಳಿಗೂ ಆಗುವ ಸಾರ್ವತ್ರಿಕ ದಾನಿ ಎಂಬುದು ಬೆಕ್ಕುಗಳಲ್ಲಿ ಇಲ್ಲವೇ ಇಲ್ಲ. ಎ, ಬಿ, ಎಬಿ ಗುಂಪುಗಳಲ್ಲದೆ 'ಮಿಕ್' ಎಂಬ ಇನ್ನೊಂದು ಪ್ರತಿಜನಕವೂ 2007ರಲ್ಲಿ ವರದಿಯಾಗಿರುವುದರಿಂದ, ಗುಂಪು ಹೊಂದಿದರೂ ಸಾಧ್ಯವಿದ್ದಾಗಲೆಲ್ಲ ಕ್ರಾಸ್‌ಮ್ಯಾಚ್ ಮಾಡಿಸುವುದು ಲೇಸು.

ಬೆಕ್ಕಿನ ಮರಿ ಹಾಕಿಸುವವರಿಗೆ ಇದೇ ಪ್ರತಿಕಾಯಗಳು ಇನ್ನೊಂದು ರೂಪದಲ್ಲಿ ಎದುರಾಗುತ್ತವೆ. ತಾಯಿ ಬಿ, ಮರಿ ಎ ಆಗಿದ್ದರೆ ಗಿಣ್ಣುಹಾಲಿನ ಮೂಲಕ ತಾಯಿಯ ಪ್ರತಿಕಾಯಗಳು ಮರಿಯ ರಕ್ತಕ್ಕೆ ಸೇರುತ್ತವೆ. ಚೆನ್ನಾಗಿ ಹುಟ್ಟಿ ಹಾಲು ಕುಡಿದ ಮರಿಗಳು ಒಂದೆರಡು ದಿನಗಳಲ್ಲಿ ಕೆಂಪು ಮೂತ್ರ, ಕಾಮಾಲೆ ಕಾಣಿಸಿ ಸಾಯುತ್ತವೆ. ಉಳಿದವುಗಳಲ್ಲಿ ಕೆಲವೊಮ್ಮೆ ಬಾಲದ ತುದಿ ಒಣಗಿ ಉದುರುತ್ತದೆ. ಮೊದಲ ಒಂದು ದಿನ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಎ ಗುಂಪಿನ ಬೇರೆ ತಾಯಿಯ ಹಾಲು ಅಥವಾ ಬದಲಿ ಹಾಲು ಕುಡಿಸಿದರೆ ಇದನ್ನು ತಪ್ಪಿಸಬಹುದು.

ನಿಮ್ಮ ಎರಡು ಬೆಕ್ಕುಗಳಲ್ಲಿ ಒಂದು ಇನ್ನೊಂದಕ್ಕೆ ದಾನಿಯಾಗಬಹುದೇ ಎಂಬುದಕ್ಕೆ ಉತ್ತರ, ಇಂದೇ ಎರಡರ ಗುಂಪನ್ನೂ ಪರೀಕ್ಷಿಸಿ ಬರೆದಿಟ್ಟುಕೊಂಡರೆ, ಆಗಬಹುದು. ತುರ್ತು ಬಂದಾಗ ಗುಂಪು ಹುಡುಕುತ್ತಾ ಕೂರುವುದಕ್ಕಿಂತ ಲಸಿಕೆಗೆ ಹೋದಾಗ ಒಂದು ಹನಿ ರಕ್ತದಲ್ಲಿ ಮುಗಿಸಿಕೊಳ್ಳುವುದು ಸುಲಭ. ಇದರ ಜೊತೆಗೆ ಬೆಕ್ಕುಗಳ ಲ್ಯುಕೀಮಿಯಾ ವೈರಸ್, ಬೆಕ್ಕುಗಳ ಏಡ್ಸ್ ಎಂದು ಜನ ಕರೆಯುವ ಎಫ್‌ಐವಿ, ಮತ್ತು ಕೆಂಪು ಕಣಗಳ ಮೇಲೆ ಅಂಟಿ ಬದುಕುವ ಮೈಕೋಪ್ಲಾಸ್ಮಾ, ಈ ಮೂರನ್ನೂ ನೋಡಬೇಕು. ಮನೆಯೊಳಗೇ ಇರುವ, ಹೊರಗೆ ಸುತ್ತಾಡದ ಬೆಕ್ಕು ಮಾತ್ರ ದಾನಿಯಾಗಬೇಕು. ಕೊಬ್ಬಿಲ್ಲದೆ 4ರಿಂದ 4.5 ಕೆ.ಜಿ. ತೂಕವಾದರೂ ಇರಬೇಕು. ಬೆಕ್ಕಿನ ದೇಹದ ಒಟ್ಟು ರಕ್ತವೇ ಕಾಲು ಲೀಟರಿನ ಆಸುಪಾಸು. ಒಮ್ಮೆಗೆ 50 ಮಿ.ಲೀ.ಗಿಂತ ಹೆಚ್ಚು ತೆಗೆಯುವಂತಿಲ್ಲ. ನಾಯಿಯಂತೆ ಅದು ಸುಮ್ಮನೆ ಮಲಗುವ ಪ್ರಾಣಿಯಲ್ಲವಾದ್ದರಿಂದ ಮಂಪರಿನ ಔಷಧ ಬೇಕೇ ಬೇಕಾಗುತ್ತದೆ, ಮತ್ತು ಅದಕ್ಕೂ ಮೊದಲು ಹೃದಯದ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಹೊರಗೆ ಏನೂ ತೋರದ ಹೃದಯಸ್ನಾಯುವಿನ ಕಾಯಿಲೆ ಬೆಕ್ಕುಗಳಲ್ಲಿ ಸಾಮಾನ್ಯ. ಪಡೆಯುವ ಬೆಕ್ಕಿಗೂ ಹೃದಯದ ತೊಂದರೆ ಇದ್ದರೆ ರಕ್ತ ಬಹು ನಿಧಾನವಾಗಿ ಏರಬೇಕು, ಇಲ್ಲವಾದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ನಾಯಿಯ ದಾನವನ್ನು ನಾನು ಸಂಕೋಚವಿಲ್ಲದೆ ಪ್ರೋತ್ಸಾಹಿಸುತ್ತೇನೆ. ಬೆಕ್ಕಿನ ದಾನವನ್ನು ಪ್ರತಿ ಬಾರಿಯೂ ಎರಡು ಸಲ ಯೋಚಿಸಿ ಒಪ್ಪುತ್ತೇನೆ.

ಬೆಕ್ಕಿನ ರಕ್ತ ಸಿಗದೆ ಜೀವ ಹೋಗುವ ಹಂತದಲ್ಲಿ ನಾಯಿಯ ರಕ್ತವನ್ನು ಬೆಕ್ಕಿಗೆ ಕೊಟ್ಟು ಉಳಿಸಿದ ಉದಾಹರಣೆಗಳಿವೆ. ಮೊದಲ ಬಾರಿ ಅದು ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಆ ಕಣಗಳು ಸರಾಸರಿ ನಾಲ್ಕು ದಿನಕ್ಕಿಂತ ಕಡಿಮೆ ಬಾಳುತ್ತವೆ, ನಾಲ್ಕರಿಂದ ಆರು ದಿನಗಳ ನಂತರ ಎರಡನೆಯ ಬಾರಿ ಕೊಟ್ಟರೆ ಬೆಕ್ಕು ಸಾಯಬಹುದು. ಇದು ಎಲ್ಲ ದಾರಿಗಳೂ ಮುಚ್ಚಿದಾಗ, ಜೀವಮಾನದಲ್ಲಿ ಒಮ್ಮೆ ಮಾತ್ರ ತೆರೆಯುವ ಬಾಗಿಲು. ಮನುಷ್ಯರ ರಕ್ತವನ್ನು ಇವೆರಡಕ್ಕೂ ಕೊಡುವಂತಿಲ್ಲ.

ಆಸ್ಪತ್ರೆಗೆ ಹೋಗುವಾಗ ಎರಡು ವರ್ಷದ ಹಿಂದಿನ ಚೀಟಿಗಳನ್ನೆಲ್ಲ ಒಯ್ಯಿರಿ; ಯಾವ ತಾರೀಕು, ಎಷ್ಟು ಮಿ.ಲೀ., ಯಾವ ದಾನಿ ಎಂಬುದು ಅದರಲ್ಲಿ ಇಲ್ಲದಿದ್ದರೆ ನೆನಪಿನಿಂದಲೇ ಬರೆದುಕೊಡಿ. ಈ ಬಾರಿ ಏರಿಸಿದ ರಕ್ತದ ವಿವರ, ಎರಡೂ ನಾಯಿಗಳ ಗುಂಪು, ಕ್ರಾಸ್‌ಮ್ಯಾಚ್‌ನ ಫಲಿತಾಂಶ, ಇವನ್ನು ಲಸಿಕೆಯ ಪುಸ್ತಕದ ಮೊದಲ ಪುಟದಲ್ಲಿಯೇ ಬರೆಸಿಕೊಳ್ಳಿ. ರಕ್ತ ಏರಿಸಿದ ಮಾರನೆಯ ದಿನವೂ, ಮೂರನೆಯ ದಿನವೂ, ಒಂದು ವಾರಕ್ಕೂ ಪಿಸಿವಿ ನೋಡಿಸಿ. ಏರಿದ ಸಂಖ್ಯೆ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಕಣ್ಣಿನ ಬಿಳಿಭಾಗ ಹಳದಿಗೆ ತಿರುಗುತ್ತಿದ್ದರೆ ತಡವಾಗಿ ಬಂದ ಪ್ರತಿಕ್ರಿಯೆಯೋ ಎಂದು ವಿಚಾರಿಸಬೇಕು. ಎರಡನೆಯ ಚೀಲ ಬೇಕಾಗಿ ಬಂದು, ಅಷ್ಟರಲ್ಲಿ ನಾಲ್ಕು ದಿನ ದಾಟಿದ್ದರೆ, ಅದೇ ದಾನಿಯ ರಕ್ತವಾಗಿದ್ದರೂ ಹೊಸದಾಗಿ ಮಾದರಿ ತೆಗೆದು ಮತ್ತೊಮ್ಮೆ ಕ್ರಾಸ್‌ಮ್ಯಾಚ್ ಮಾಡಿಸಿ.